ಪಾರವ್ವನ ಹಿಟ್ಟಿನ ಸಾವಕಾರಿ

ನಮ್ಮ ಓಣಿಯಲ್ಲಿ ಹಿಟ್ಟು ಕಡ ಕೊಡುವಾಗ ಬಟ್ಟಲಿನ ಕಂಠಕ್ಕೆ ಸಮನಾಗಿ ಕೊಡುತ್ತಿದ್ದರು. ತಿರುಗಿ ಮುಟ್ಟಿಸುವಾಗ ಅದೇ ಬಟ್ಟಲಿನ ಮೇಲೆ ಗೋಪುರ ಕಟ್ಟಿ ಮುಟ್ಟಿಸುತ್ತಿದ್ದರು. ಗೋಪುರದ ನೆತ್ತಿಗೆ ಒಂದು ಚೂರು ಬೆಲ್ಲ ಚುಚ್ಚಿರುತ್ತಿತ್ತು. ಇದನ್ನು ಯಾರು ಶುರುಮಾಡಿದರು, ಯಾಕೆ ಮಾಡಿದರು ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಯುದ್ಧ ಮುಗಿದಿತ್ತು, ರೇಶನ್ ಮುಗಿದಿರಲಿಲ್ಲ. ಗೋಕಾಕದ ಪೇಟೆಯ ಹಿಂದೆ, ಹೊಳೆಗೆ ನೀರಿಗೆ ಹೋಗುವ ದಾರಿಯಲ್ಲಿದ್ದ ನಮ್ಮ ಹನ್ನೆರಡು ಮನೆಗಳಲ್ಲಿ ಜೋಳದ ಚೀಲ ಯಾರಲ್ಲೂ ತುಂಬಿ ನಿಂತಿರುತ್ತಿರಲಿಲ್ಲ. ಹಿಟ್ಟು ಮಾತ್ರ ನಿಲ್ಲದೆ ತಿರುಗಾಡುತ್ತಿತ್ತು. ಸೋಮವಾರ ನಮ್ಮ ಮನೆಯಿಂದ ಹೊರಟ ಹಿಟ್ಟು ಶನಿವಾರ ಬೇರೆ ಬೀಸುಕಲ್ಲಿನ ವಾಸನೆ ಹೊತ್ತು ಬರುತ್ತಿತ್ತು. ರೊಟ್ಟಿ ಮುರಿದು ಬಾಯಿಗಿಟ್ಟ ಕೂಡಲೇ ನಮ್ಮವ್ವ, "ಇದು ಲಕ್ಕವ್ವನ ಮನೀದು, ಕಲ್ಲ ಕಟಿಸಿ ಭಾಳ ದಿನ ಆಗೈತಿ," ಎಂದು ಹೇಳಿಬಿಡುತ್ತಿದ್ದಳು.

ಇಂಥ ಓಣಿಗೆ ಕಾಯದೆ ಬಂದದ್ದು ಚುರುಮುರಿಯ ಪೊಟ್ಟಣದಲ್ಲಿ.

ಚುರುಮುರಿ ಉದ್ದಪ್ಪನದು. ಕೋರ್ಟಿನ ಎದುರಿಗೆ ಬೇವಿನ ಗಿಡದ ಕೆಳಗೆ ಅವನು ಹದಿನೆಂಟು ವರ್ಷಗಳಿಂದ ಚುರುಮುರಿ, ಭಜಿ ಮಾರುತ್ತಿದ್ದ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕೋರ್ಟಿನ ಮೆಟ್ಟಿಲು ಹತ್ತಿರಲಿಲ್ಲ. ಆದರೆ ಸೋತವರೂ ಗೆದ್ದವರೂ ಅವನ ಹತ್ತಿರವೇ ಬಂದು ತಿನ್ನುತ್ತಿದ್ದುದರಿಂದ, ಮತ್ತು ವಕೀಲರು ಉದ್ರಿ ತಿನ್ನುತ್ತಿದ್ದುದರಿಂದ, ಜಪ್ತಿ, ಮುದ್ದತ್ತು, ಕೈಫಿಯತ್ತು ಎಂಬ ಮಾತುಗಳು ಅವನ ನಾಲಗೆಗೆ ಉಳ್ಳಾಗಡ್ಡಿಯಷ್ಟೇ ಸಲೀಸಾಗಿದ್ದವು. ಓಣಿಯವರು ಅವನನ್ನು ಅರ್ಧ ವಕೀಲ ಎನ್ನುತ್ತಿದ್ದರು. ಅದರಲ್ಲಿ ಅವನಿಗೆ ಬೇಸರವಾಗುತ್ತಿದ್ದದ್ದು ಅರ್ಧ ಎಂಬ ಒಂದೇ ಮಾತಿಗೆ.

ಪೊಟ್ಟಣಕ್ಕೆ ಅವನು ರದ್ದಿ ಕಾಗದವನ್ನು ತೂಕಕ್ಕೆ ಕೊಳ್ಳುತ್ತಿದ್ದ. ಕಟ್ಟುವ ಮೊದಲು ಪ್ರತಿಯೊಂದನ್ನೂ ಓದುತ್ತಿದ್ದ. ಹೀಗಾಗಿ ಅವನ ಅಂಗಡಿಯಲ್ಲಿ ಗಿರಾಕಿಗಳು ಹಸಿದು ಕಾಯುತ್ತಿದ್ದರು. ಒಂದು ಗುರುವಾರ ಅವನ ಕೈಗೆ ಹೊಸ ಸಾವಕಾರಿ ಕಾಯದೆಯ ಒಂದು ಹಾಳೆ ಬಂತು. ಸಾಲವೆಂದರೆ ಬಡ್ಡಿಗೆ ಕೊಟ್ಟ ಹಣ ಅಥವಾ ಧಾನ್ಯ. ಕೊಟ್ಟದ್ದಕ್ಕಿಂತ ಹೆಚ್ಚಾಗಿ ಯಾವ ಹೆಸರಿನಿಂದ ಪಡೆದರೂ ಅದು ಬಡ್ಡಿಯೇ. ಅದರ ಮೇಲೆ ಬೇರೆ ಖರ್ಚು ವಸೂಲು ಮಾಡಕೂಡದು. ಪರವಾನಿಗೆ ಇಲ್ಲದೆ ಈ ಧಂದೆ ನಡೆಸಿದವರಿಗೆ ಶಿಕ್ಷೆ. ಯಾವ ಯಾವ ಕೊಡುಕೊಳ್ಳುವಿಕೆಗೆ ಇದು ತಾಗುವುದಿಲ್ಲ ಎಂಬುದು ಮುಂದಿನ ಹಾಳೆಯಲ್ಲಿತ್ತು. ಆದರೆ ಅದರಲ್ಲಿ ಆಗಲೇ ಅಂಕಲಗಿಯ ರೈತನೊಬ್ಬ ಎರಡು ಪೈಸೆಯ ಚುರುಮುರಿ ತಿಂದು ಬೀಸಾಡಿದ್ದ. ಕೋರ್ಟಿನ ಕಂಪೌಂಡಿನಲ್ಲಿ ಮೇಯುವ ಆಡು ಅದನ್ನು ತಿಂದು ಮುಗಿಸಿತ್ತು.

ಉದ್ದಪ್ಪ ಹಿಗ್ಗಿದ. ಪೇಟೆಯ ಕೆಂಚಪ್ಪ ಸಾವಕಾರ ಸಂತೆಯಿಂದ ಸಂತೆಗೆ ಸಾಲ ಕೊಡುವವನು. ಹತ್ತು ಬರೆದು ಒಂಬತ್ತು ಕೈಗಿಟ್ಟು, ಉಳಿದ ಒಂದನ್ನು ಬರೆದ ಕೂಲಿ ಎಂದು ಹಿಡಿಯುತ್ತಿದ್ದ. ಇನ್ನು ಅವನ ಆಟ ಮುಗಿಯಿತೆಂದು ಓಣಿಗೆಲ್ಲ ಸಾರುವ ಉಮೇದಿನಲ್ಲಿ ಉದ್ದಪ್ಪ ಆ ಹಾಳೆಯನ್ನು ಟೊಪ್ಪಿಗೆಯಲ್ಲಿ ಇಟ್ಟುಕೊಂಡು, ಅಂಗಡಿಯನ್ನು ಬೇಗ ಮುಚ್ಚಿ ಮನೆಗೆ ಬಂದ.

ಬಾಗಿಲಲ್ಲಿ ಎದುರು ಮನೆಯ ಲಕ್ಕವ್ವ ನಿಂತಿದ್ದಳು. ಮಂಗಳವಾರ ಒಯ್ದ ಹಿಟ್ಟನ್ನು ಮುಟ್ಟಿಸಲು ಬಂದಿದ್ದಳು. ಬಟ್ಟಲ ಮೇಲೆ ಗೋಪುರ. ಗೋಪುರದ ಮೇಲೆ ಬೆಲ್ಲ. ಉದ್ದಪ್ಪನ ಹೆಂಡತಿ ಪಾರವ್ವ ಅದನ್ನು ಎರಡೂ ಕೈಯಿಂದ ಇಸಿದುಕೊಳ್ಳುತ್ತಿದ್ದಳು. ಉದ್ದಪ್ಪ ಅದನ್ನು ನೋಡಿದ. ಟೊಪ್ಪಿಗೆಯನ್ನು ಮುಟ್ಟಿ ನೋಡಿಕೊಂಡ. ಕಣ್ಣೆದುರಿಗೇ, ತನ್ನ ಹೊಸ್ತಿಲ ಮೇಲೇ, ಧಂದೆ ನಡೆಯುತ್ತಿತ್ತು.

ಲಕ್ಕವ್ವ ಹೋದ ಮೇಲೆ ಅವನು ಒಂದು ಕಡ್ಡಿಯಿಂದ ಗೋಪುರವನ್ನು ಕಂಠಕ್ಕೆ ಸಮನಾಗಿ ಸವರಿ, ಉದುರಿದ ಹಿಟ್ಟನ್ನು ಮುಷ್ಟಿಯಲ್ಲಿ ಅಳೆದ. ಬಟ್ಟಲಿನಲ್ಲಿ ಆರು ಮುಷ್ಟಿ. ಹೆಚ್ಚಿಗೆ ಬಂದದ್ದು ಒಂದೂವರೆ ಮುಷ್ಟಿ. ಅವಧಿ ಎರಡು ದಿನ. ಇದ್ದಲಿಯಿಂದ ಗೋಡೆಯ ಮೇಲೆ ಲೆಕ್ಕ ಮಾಡಿದ. ಎರಡು ಸಲ ಒರೆಸಿ ಮತ್ತೆ ಮಾಡಿದ. ಆಮೇಲೆ ಕುಳಿತುಬಿಟ್ಟ.

"ವರ್ಷಕ್ಕ ನೂರಕ್ಕ ನಾಕ ಸಾವಿರದ ಐನೂರಾ ಅರವತ್ತೆರಡೂವರಿ," ಎಂದ.

"ಅಂದ್ರ ಭಾಳ ಆತೇನ್ರಿ?" ಎಂದಳು ಪಾರವ್ವ.

"ಕೆಂಚಪ್ಪ ಸಾವಕಾರ ನಿನ್ನ ಕಾಲ ಬೀಳಬೇಕ, ಅಷ್ಟ ಆತು. ಎಷ್ಟ ವರ್ಷ ಆತ ಈ ಧಂದೆ ನಡಿಸಾಕತ್ತು?"

"ನಾ ಲಗ್ನಾಗಿ ಬಂದ ಮರದಿನಾನ ಲಕ್ಕವ್ವಕ್ಕ ಬಟ್ಟಲ ಹಿಡಕೊಂಡ ಬಂದಿದ್ಲು. ಇಪ್ಪತ್ತೆರಡ ವರ್ಷ ಆತಲ್ಲ."

"ಈ ಬೆಲ್ಲ?"

"ಬೆಲ್ಲ ಬೆಲ್ಲಾನ. ಅದಕ್ಕೇನ ಹೆಸರ ಐತಿ?"

"ಐತಿ," ಎಂದು ಉದ್ದಪ್ಪ ಟೊಪ್ಪಿಗೆಯಿಂದ ಹಾಳೆಯನ್ನು ತೆಗೆದ. "ಇದು ಮ್ಯಾಲಿನ ಖರ್ಚ ವಸೂಲಿ. ಇದಕ್ಕ ಬ್ಯಾರೆ ಕಲಂ ಐತಿ."

ಪಾರವ್ವ ಆ ಕಲಮನ್ನು ಬಾಯಿಗೆ ಹಾಕಿಕೊಂಡು ರೊಟ್ಟಿ ಬಡಿಯಲು ಹೋದಳು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಉದ್ದಪ್ಪನಿಗೆ ಹೆಂಡತಿಯ ಮೇಲೆ ಸಿಟ್ಟಿರಲಿಲ್ಲ. ಅವಳನ್ನು ಉಳಿಸಬೇಕೆಂದೇ ಅವನು ಮುಂದಿನದನ್ನೆಲ್ಲ ಮಾಡಿದ. ಮಗಳು ಅಲ್ಲವ್ವನ ಮದುವೆ ಹುಕ್ಕೇರಿಯ ಹುಡುಗನ ಜೊತೆ ಗಟ್ಟಿಯಾಗಿ, ಹದಿನೈದು ದಿನ ಉಳಿದಿತ್ತು. ಬೀಗರು ಬರುವ ಹೊತ್ತಿಗೆ ಬೀಗಿತ್ತಿ ಜೇಲಿನಲ್ಲಿದ್ದರೆ ಹೇಗೆ ಎಂಬುದು ಅವನ ಚಿಂತೆ.

ಮರುದಿನ ಬೆಳಿಗ್ಗೆ ಅವನು ಆ ಒಂದೂವರೆ ಮುಷ್ಟಿ ಹಿಟ್ಟನ್ನು ಅರಿವೆಯಲ್ಲಿ ಕಟ್ಟಿಕೊಂಡು ಲಕ್ಕವ್ವನ ಮನೆಗೆ ಹೋದ. ಬೆಲ್ಲವನ್ನು ಪಾರವ್ವ ತಿಂದುಬಿಟ್ಟಿದ್ದರಿಂದ ಅಂಗಡಿಯಿಂದ ಬೇರೆ ಚೂರು ತಂದಿದ್ದ. ಜೊತೆಗೆ ಒಂದು ರಶೀದಿ, ಹೆಬ್ಬೆಟ್ಟಿಗೆ ಮಸಿಯ ದೌತಿ.

"ಏನೋ ಇದು ಉದ್ದಪ್ಪ?" ಎಂದಳು ಲಕ್ಕವ್ವ.

"ಹೆಚ್ಚಿಗಿ ಬಂದದ್ದ ತಿರಗಿ ಕೊಡಾಕ ಬಂದೇನಿ ಅಕ್ಕಾ. ಇಲ್ಲೆ ಒಂದ ಹೆಬ್ಬಟ್ಟ ಒತ್ತು."

"ನನ್ನ ಹಿಟ್ಟಿನ್ಯಾಗ ಹುಳ ಇದ್ದುವೇನು?"

"ಹಂಗಲ್ಲ. ಇದು ಬಡ್ಡಿ. ಇದನ್ನ ಇಟಗೊಂಡ್ರ ನಮಗ ತ್ರಾಸ ಆಗತೈತಿ."

"ಬಡ್ಡಿ," ಎಂದಳು ಲಕ್ಕವ್ವ, ಆ ಶಬ್ದವನ್ನು ನೆಲದ ಮೇಲೆ ಬಿದ್ದ ಹಲ್ಲಿಯ ಹಾಗೆ ನೋಡುತ್ತ. "ನಿನ್ನ ಮಗಳು ಹುಟ್ಟಿದಾಗ ಪಾರಿಗಿ ಎದ್ದ ಕುಂಡ್ರಾಕ ಬರತಿರಲಿಲ್ಲ. ಒಂದ ತಿಂಗಳ ನಾ ಅಂಟಿನ ಉಂಡಿ ಮಾಡಿ ತಿನಿಸೇನಿ. ಅದಕ್ಕ ಏನಂತೈತಿ ನಿನ್ನ ಕಾಗದದಾಗ?"

ಉದ್ದಪ್ಪ ಹಾಳೆಯನ್ನು ನಿಜವಾಗಿಯೂ ತೆಗೆದು ನೋಡಿದ. ಅವನ ಜೀವಮಾನದ ದೊಡ್ಡ ತಪ್ಪೆಂದರೆ ಅದು. ಲಕ್ಕವ್ವ ಹಿಟ್ಟಿನ ಗಂಟನ್ನು ಅವನ ಕಾಲಬುಡದಲ್ಲಿ ಇಟ್ಟು ಬಾಗಿಲು ಹಾಕಿಕೊಂಡಳು. ನಮ್ಮ ಓಣಿಯಲ್ಲಿ ಹಗಲು ಬಾಗಿಲು ಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲ ಸಲ.

ಅಷ್ಟಕ್ಕೇ ಬಿಟ್ಟಿದ್ದರೆ ಅವನು ಉದ್ದಪ್ಪ ಆಗುತ್ತಿರಲಿಲ್ಲ. ಉಳಿದ ಹತ್ತು ಮನೆಗಳಿಗೂ ಹೋದ. ಇಪ್ಪತ್ತೆರಡು ವರ್ಷಗಳ ಬಡ್ಡಿಯನ್ನು ಅಂದಾಜು ಮಾಡಿ, ಒಂದೊಂದು ಮನೆಗೆ ಎರಡೆರಡು ಸೇರು ಹಿಟ್ಟು ಕೊಟ್ಟು ಖಾತೆ ಮುಗಿಸುತ್ತೇನೆ ಎಂದ. ತುದಿಮನೆಯ ಮುದುಕಿ ಗುಡ್ಡವ್ವನಿಗೆ ಕಿವಿ ಮಂದ. ಅವಳು ಖಾತೆ ಮುಗಿಸುವುದೆಂದರೆ ಇವರು ಓಣಿ ಬಿಟ್ಟು ಹೊರಟಿದ್ದಾರೆಂದು ತಿಳಿದು ಅಳಲು ಶುರುಮಾಡಿದಳು. ಸಿಂಪಿಗ ಸತ್ತೆಪ್ಪ ಮಾತ್ರ ಕತ್ತರಿ ಕೆಳಗಿಟ್ಟು ಬಹಳ ಗೌರವದಿಂದ ಮಾತಾಡಿದ.

"ನಮ್ಮವ್ವ ಸತ್ತ ಹನ್ನೊಂದ ವರ್ಷ ಆತು. ಆಕಿ ಕೊಟ್ಟ ಬಡ್ಡಿ ನನಗ ಬರತೈತೇನ್ರಿ ವಕೀಲ್ರ?"

"ವಾರಸದಾರ ಅಂದಮ್ಯಾಲ ನಿನಗ ಬರತೈತಿ."

"ಆಕಿ ಹಿಟ್ಟ ಒಂದ ಅಲ್ಲ, ಖಾರಪುಡಿನೂ ಗೋಪುರ ಕಟ್ಟಿ ಕೊಡತಿದ್ಲು. ಒಂದ ಸಲ ಬೆಲ್ಲದ ಬದಲಿ ಕೊಬ್ಬರಿ ಇಟ್ಟಿದ್ಲು, ನನಗ ನೆಪ್ಪೈತಿ. ಬರಕೋರಿ."

ಉದ್ದಪ್ಪ ಬರೆದುಕೊಂಡ. ಸತ್ತೆಪ್ಪ ಸಂಜೆಯತನಕ ನೆನಪು ಮಾಡಿಕೊಂಡ. ಲೆಕ್ಕ ಮೂರು ಚೀಲಕ್ಕೆ ಬಂದು ನಿಂತಾಗ ಸತ್ತೆಪ್ಪನ ಹೆಂಡತಿ ಒಳಗಿಂದ ಬಂದು ಉದ್ದಪ್ಪನ ಕೈಯಿಂದ ಪಟ್ಟಿಯನ್ನು ಕಿತ್ತು ಒಲೆಗೆ ಹಾಕಿದಳು. ಆಮೇಲೆ ಅವನ ಕಡೆ ತಿರುಗಿ, "ಕಾಕಾ, ಇನ್ನ ಮ್ಯಾಲ ನಿಮ್ಮ ಮನಿಗಿ ಯಾರೂ ಬರೂದುಲ್ಲ. ನಿಮಗ ತ್ರಾಸ ಆಗಬಾರದಲ್ಲ," ಎಂದಳು.

ಐದಾರು ದಿನ ಯಾರೂ ಬರಲಿಲ್ಲ. ಪಾರವ್ವ ಎಲ್ಲೆಲ್ಲಿಗೋ ಕಡ ಕೊಟ್ಟಿದ್ದ ಬಟ್ಟಲುಗಳು ಒಂದೇ ದಿನ ತಿರುಗಿ ಬಂದವು. ಎಲ್ಲವೂ ಕಂಠಕ್ಕೆ ಸಮ. ಕಡ್ಡಿಯಿಂದ ಸವರಿದ ಗುರುತು ಹಿಟ್ಟಿನ ಮೇಲೆ ಕಾಣುತ್ತಿತ್ತು. ಅವನ್ನು ಹೊಸ್ತಿಲ ಮೇಲಿಟ್ಟು, ಕೂಗದೆ ಹೋಗಿದ್ದರು. ಪಾರವ್ವ ಸಾಲಾಗಿ ಹತ್ತು ಬಟ್ಟಲು ನೋಡಿದಳು. ಗಂಡನನ್ನು ನೋಡಿದಳು.

"ಮದುವಿಗಿ ಎಂಟ ದಿನ ಐತಿ," ಎಂದಳು. "ಐದ ಮಂದಿ ಮುತ್ತೈದೇರು ಬೀಸೂ ಕಲ್ಲಿಗಿ ಕೈ ಹಚ್ಚಬೇಕ. ಎಲ್ಲೆದಾರ ತೋರಸ್ರಿ."

ಮದುವೆಯ ಕೆಲಸ ಶುರುವಾಗುವುದೇ ಅಲ್ಲಿಂದ. ಐದು ಜನ ಮುತ್ತೈದೆಯರು ಬೀಸುಕಲ್ಲಿಗೆ ಅರಿಷಿಣ ಹಚ್ಚಿ, ಹಾಡುತ್ತ ಮೊದಲ ಹಿಡಿ ಬೀಸದೆ ಒಲೆಯ ಮೇಲೆ ಮದುವೆಯ ಪಾತ್ರೆ ಏರುವುದಿಲ್ಲ. ಹಿಟ್ಟಿಲ್ಲದೆ ಹೋಳಿಗೆಯಿಲ್ಲ, ಶಾವಿಗೆಯಿಲ್ಲ. ಹುಕ್ಕೇರಿಯ ಬೀಗರಿಗೆ ಎಲೆ ಹಾಕುವಂತಿಲ್ಲ.

"ನಿನ್ನ ತವರ ಮಸಗುಪ್ಪಿಯಿಂದ ಐದ ಮಂದಿನ ಗಾಡಿ ಮ್ಯಾಲ ಕರಸ್ತೇನಿ."

"ಹುಡಿಗಿ ಬೆಳದ ಓಣಿಯವರ ಆಗಬೇಕ. ಹೊರಗಿನವ್ರ ಬೀಸಿದ್ರ, ಈ ಹುಡಿಗಿಗಿ ಊರಾಗ ಯಾರೂ ಇಲ್ಲಂತ ಬೀಗರು ತಿಳೀತಾರ." ಪಾರವ್ವ ದನಿ ಏರಿಸಲಿಲ್ಲ. "ನೀವು ಕಾಯದೆ ಬಲ್ಲವ್ರು. ಐದ ಮಂದಿಗಿ ಸಮನ್ಸ ಕಳಸ್ರಿ."

ಉದ್ದಪ್ಪ ಎರಡು ದಿನ ಯೋಚಿಸಿ, ಕಾಯದೆಯಿಂದ ಕಟ್ಟಿದ ಗಂಟನ್ನು ಕಾಯದೆಯಿಂದಲೇ ಬಿಚ್ಚುವುದೆಂದು ನಿಶ್ಚಯಿಸಿದ. ಪರವಾನಿಗೆ ಇಲ್ಲದೆ ಕೊಟ್ಟರೆ ತಪ್ಪು. ಪರವಾನಿಗೆ ತೆಗೆದರೆ ಮುಗಿಯಿತು. ಪಾರವ್ವನ ಹೆಸರಿನಲ್ಲಿ ಸಾವಕಾರಿಯ ಪರವಾನಿಗೆ ಬೇಕೆಂದು ಅರ್ಜಿ ಸಿದ್ಧವಾಯಿತು. ಅದನ್ನು ಬರೆದವನು ನಾನೇ. ಮ್ಯಾಟ್ರಿಕ್‌ನಲ್ಲಿ ಆಗತಾನೆ ಎರಡನೆಯ ಸಲ ಬಿದ್ದಿದ್ದೆ. ನನಗೆ ಬೇರೆ ಕೆಲಸವೂ ಇರಲಿಲ್ಲ, ಬುದ್ಧಿಯೂ ಇರಲಿಲ್ಲ.

ಕೋರ್ಟಿನ ಬದಿಗಿದ್ದ ಪರವಾನಿಗೆಯ ಕಚೇರಿಯಲ್ಲಿ ಕಾರಕೂನ ಕನ್ನಡಕದ ಮೇಲಿಂದ ನಮ್ಮನ್ನು ನೋಡಿದ.

"ಎಷ್ಟ ವರ್ಷದಿಂದ ವ್ಯವಹಾರ?"

"ಇಪ್ಪತ್ತೆರಡ್ರಿ," ಎಂದ ಉದ್ದಪ್ಪ.

"ಗಿರಾಕಿ?"

"ಹನ್ನೊಂದ ಮನಿ. ಖಾಯಂ ಗಿರಾಕಿ."

"ಬಡ್ಡಿ ದರ?"

ಉದ್ದಪ್ಪ ಸತ್ಯವಂತ. ದರ ಹೇಳಿದ. ಕಾರಕೂನ ಲೇಖಣಿಯನ್ನು ಕೆಳಗಿಟ್ಟ. ಮತ್ತೊಮ್ಮೆ ಹೇಳಲು ಹೇಳಿದ. ಮತ್ತೊಮ್ಮೆ ಕೇಳಿದ ಮೇಲೆ ಎದ್ದು ಒಳಗೆ ಹೋದ. ಒಳಗಿನಿಂದ ಸಾಹೇಬರು ಅರ್ಧ ಕುಡಿದ ಚಹಾ ಬಿಟ್ಟು ಹೊರಗೆ ಬಂದರು. ಚುರುಮುರಿಯವನ ವೇಷದಲ್ಲಿ ಇಂಥ ಸಾವಕಾರ ಇದೇ ಗಿಡದ ಕೆಳಗೆ ಹದಿನೆಂಟು ವರ್ಷ ಕೂತಿದ್ದಾನೆಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ.

"ನಾಳೆ ಸ್ವತಃ ತಪಾಸಣೆಗೆ ಬರತೇನೆ," ಎಂದರು. "ಒಂದು ಕಾಗದವನ್ನೂ ಸುಡಬೇಡಿರಿ."

"ಸುಟ್ಟದ್ದು ಸತ್ತೆಪ್ಪನ ಹೆಂಡತ್ರಿ," ಎಂದ ಉದ್ದಪ್ಪ, ಸಹಾಯ ಮಾಡುವ ಉದ್ದೇಶದಿಂದ.

ಸುದ್ದಿ ನಮಗಿಂತ ಮೊದಲೇ ಓಣಿಯನ್ನು ಮುಟ್ಟಿತು. ಮುಟ್ಟುವ ಹೊತ್ತಿಗೆ ಬೆಳೆದಿತ್ತು. ಪಾರವ್ವನ ಮೇಲೆ ಗಂಡನೇ ಫಿರ್ಯಾದು ಕೊಟ್ಟಿದ್ದಾನೆ, ನಾಳೆ ಸಾಹೇಬ ಬಂದು ಅವಳನ್ನು ಹಿಂಡಲಗಿ ಜೇಲಿಗೆ ಒಯ್ಯುತ್ತಾನೆ, ಅಲ್ಲವ್ವನ ಮದುವೆ ಮುರಿಯಿತು. ನಮ್ಮವ್ವ ನನ್ನನ್ನು ಮನೆಯೊಳಗೆ ಕರೆದು, ಅರ್ಜಿ ಬರೆದ ಕೈ ಯಾವುದು ಎಂದು ಕೇಳಿದಳು. ನಾನು ತೋರಿಸಲಿಲ್ಲ.

ಮರುದಿನ ಸಾಹೇಬರು ಕಾರಕೂನನನ್ನು ಕರೆದುಕೊಂಡು ಬಂದರು. ಉದ್ದಪ್ಪನ ಕಟ್ಟೆಯ ಮೇಲೆ ಕುರ್ಚಿ ಹಾಕಲಾಯಿತು. ಹೆಂಗಸರೆಲ್ಲ ಸೆರಗು ಹೊದ್ದು ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಸಾಹೇಬರು ಮೊದಲು ಲಕ್ಕವ್ವನನ್ನು ಕರೆದರು.

"ನೀವು ಪಾರವ್ವ ಇವರ ಕಡೆಯಿಂದ ಎಷ್ಟು ಸಲ ಸಾಲ ತಗೊಂಡೀರಿ?"

"ಆಕಿ ಕಡಿಂದ?" ಎಂದಳು ಲಕ್ಕವ್ವ. "ಆಕಿ ಕಡೆ ಏನೈತ್ರೀ ಕೊಡಾಕ? ಇಪ್ಪತ್ತೆರಡ ವರ್ಷ ಆತು, ನಾನ ಆಕಿಗಿ ಕೊಡಾಕತ್ತೇನಿ."

"ಅಂದರೆ ಸಾಲ ಕೊಡುವವರು ನೀವು?"

"ಹೌದ್ರಿ. ನಾನ ಕೊಟ್ಟೇನಿ. ಬಡ್ಡಿನೂ ತಗೊಂಡೇನಿ. ಬೆಲ್ಲಾನೂ ತಿಂದೇನಿ. ಒಯ್ಯೂದಿದ್ರ ನನ್ನ ಒಯ್ರಿ. ನನಗ ಮೊಣಕಾಲ ನೋವೈತಿ, ಗಾಡಿ ಬೇಕ."

ಕಾರಕೂನ ಬರೆದುಕೊಂಡ. ಸತ್ತೆಪ್ಪನ ಹೆಂಡತಿ ಕರೆಯುವ ಮೊದಲೇ ಮುಂದೆ ಬಂದಳು.

"ಲಕ್ಕವ್ವಕ್ಕನ ಮಾತ ಕೇಳಬ್ಯಾಡ್ರಿ ಸಾಹೇಬ್ರ. ಆಕೀಗಿ ವಯಸ್ಸಾಗೈತಿ. ಪಾರವ್ವಗೂ ಲಕ್ಕವ್ವಗೂ ಕೊಟ್ಟಾಕಿ ನಾನು."

ಮೂರನೆಯವಳು ನಮ್ಮವ್ವ. ತಾನು ಈ ಮೂವರಿಗೂ ಕೊಟ್ಟಿರುವುದಾಗಿಯೂ, ದರ ನೆನಪಿಲ್ಲವೆಂದೂ, ಆದರೆ ಬಹಳ ಹೆಚ್ಚೆಂದೂ ಹೇಳಿದಳು. ಒಬ್ಬೊಬ್ಬರೇ ಬಂದರು. ಎಲ್ಲರೂ ಕೊಟ್ಟವರು, ಪಡೆದವಳು ಒಬ್ಬಳೂ ಇಲ್ಲ. ಕೊನೆಗೆ ಗುಡ್ಡವ್ವನನ್ನು ಇಬ್ಬರು ಹಿಡಿದು ತಂದರು. ಅವಳಿಗೆ ಪ್ರಶ್ನೆ ಕೇಳಿಸಲಿಲ್ಲ. ಆದರೂ, "ಎಲ್ಲಾ ನಾನ ಮಾಡೇನಿ ಯಪ್ಪಾ," ಎಂದು ಸಾಹೇಬರ ಗಲ್ಲ ಹಿಡಿದು ಹೇಳಿದಳು.

"ಸಾಹೇಬ್ರ, ಏನಂತ ಬರೀಲ್ರಿ?" ಎಂದ ಕಾರಕೂನ.

ಸಾಹೇಬರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. "ಒಂದು ಓಣಿಯೊಳಗ ಹನ್ನೆರಡು ಮಂದಿ ಸಾವಕಾರರು, ಸಾಲಗಾರರು ಯಾರೂ ಇಲ್ಲ ಅಂತ ಬರದು ಕಳಿಸಿದರ, ಮ್ಯಾಲಿನವರು ಮೊದಲು ನನ್ನ ತಲಿ ತಪಾಸಣೆ ಮಾಡಸ್ತಾರ." ಅವರು ಉದ್ದಪ್ಪನ ಕಡೆ ತಿರುಗಿದರು. "ಯಾರು ಹೇಳಿದರು ನಿನಗ, ಇದು ಧಂದೆ ಅಂತ?"

ಉದ್ದಪ್ಪ ಹಾಳೆಯನ್ನು ಕೊಟ್ಟ. ಸಾಹೇಬರು ಅದನ್ನು ಓದಿ, ತಿರುಗಿಸಿ ನೋಡಿ, ಅದರ ಮೇಲಿನ ಎಣ್ಣೆಯ ಕಲೆಯನ್ನು ಮೂಸಿದರು.

"ಮನಿ ಮನಿ ನಡುವೆ ಹಿಟ್ಟು ಕೊಟ್ಟರ, ಅದಕ್ಕ ಸರಕಾರ ಕೈ ಹಾಕೂದುಲ್ಲೋ. ಸರಕಾರಕ್ಕ ಅಷ್ಟು ಧೈರ್ಯ ಇಲ್ಲ," ಎಂದು ಅರ್ಜಿಯ ಮೇಲೆ 'ಕಾಯದೆಗೆ ಸಂಬಂಧವಿಲ್ಲ' ಎಂದು ಬರೆದು, ಸಹಿ ಮಾಡಿ, ಕುರ್ಚಿಯಿಂದ ಎದ್ದರು.

ಉದ್ದಪ್ಪನ ಮುಖ ಅರಳಿತು. ಎಲ್ಲ ಸರಿಯಾಯಿತೆಂದು ಅವನು ಸುತ್ತ ನೋಡಿದ. ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ತಮ್ಮ ಮನೆಗೆ ಹೊರಟಿದ್ದರು.

"ಅಕ್ಕಾ," ಎಂದು ಅವನು ಲಕ್ಕವ್ವನನ್ನು ಕೂಗಿದ. "ಬೀಸಾಕ ಬರ್ತೀರಲ್ಲ?"

"ಜೇಲ ತಪ್ಪಿಸಿದ್ದು ಪಾರಿ ಸಲವಾಗಿ," ಎಂದಳು ಲಕ್ಕವ್ವ ತಿರುಗಿ ನೋಡದೆ. "ಬೀಸೂದು ನಿನ್ನ ಮನ್ಯಾಗ. ನಿನ್ನ ಖಾತೆ ಮುಗದೈತಿ. ನೀನ ಮುಗಿಸೀಯಲ್ಲ."

ಮದುವೆಗೆ ಐದು ದಿನ ಉಳಿದಿತ್ತು. ಆ ದಿನ ಉದ್ದಪ್ಪ ಅಂಗಡಿ ತೆಗೆಯಲಿಲ್ಲ. ಹೊಸ್ತಿಲ ಮೇಲೆ ಪಾರವ್ವ ಹಾಗೇ ಬಿಟ್ಟಿದ್ದ ಬಟ್ಟಲುಗಳ ಮುಂದೆ ಕುಳಿತಿದ್ದ. ಒಳಗೆ ಅಲ್ಲವ್ವ ಸದ್ದಿಲ್ಲದೆ ಗೋದಿ ಹಸನು ಮಾಡುತ್ತಿದ್ದಳು. ಒಂದೊಂದು ಹರಳು ಮೊರದ ಮೇಲೆ ಟಕ್ಕೆಂದು ಬೀಳುವುದು ಹೊರಗಿನ ತನಕ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಅವನು ಎದ್ದ. ಒಂದು ಬಟ್ಟಲನ್ನು ಖಾಲಿ ಮಾಡಿ, ಒರೆಸಿ, ಅದನ್ನು ಹಿಡಿದುಕೊಂಡು ಓಣಿ ದಾಟಿ ಲಕ್ಕವ್ವನ ಬಾಗಿಲಲ್ಲಿ ನಿಂತ. ಹನ್ನೊಂದು ಬಾಗಿಲುಗಳಿಂದ ಇಣುಕಿ ನೋಡಿದರು. ಗಂಡಸು ಹಿಟ್ಟು ಕಡ ಕೇಳಲು ಬಂದದ್ದು ನಮ್ಮ ಓಣಿಯಲ್ಲಿ ಹಿಂದೆಂದೂ ನಡೆದಿರಲಿಲ್ಲ.

"ಅಕ್ಕಾ, ಒಂದ ಬಟ್ಟಲ ಹಿಟ್ಟ ಕೊಡು," ಎಂದ.

ಲಕ್ಕವ್ವ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. "ಎಷ್ಟ ದಿನಕ್ಕ?"

"ನೀ ಹೇಳಿದಷ್ಟ."

"ರಶೀದಿ ತಂದೀಯೇನು?"

"ಇಲ್ಲ."

"ಕಡ್ಡಿ?"

"ಮುರದ ಒಲಿಗಿ ಹಾಕೇನಿ."

ಅವಳು ಬಟ್ಟಲನ್ನು ಇಸಿದುಕೊಂಡು ಒಳಗೆ ಹೋದಳು. ಕಂಠಕ್ಕೆ ಸಮನಾಗಿ ತಂದು ಅವನ ಕೈಗೆ ಕೊಟ್ಟಳು. "ಇದನ್ನ ತಿರಗಿ ಮುಟ್ಟಿಸಬ್ಯಾಡ," ಎಂದಳು. "ನೀ ಬಾಕಿ ಇದ್ರ ನಾ ನಿನ್ನ ಮನಿಗಿ ಕೇಳಾಕ ಬರೂದಕ್ಕ ಆಗತೈತಿ. ನಾಳೆ ನಸಿಕಿನ್ಯಾಗ ಕಲ್ಲ ತೊಳದ ಇಡಾಕ ಹೇಳ ಪಾರಿಗಿ."

ನಸುಕಿನಲ್ಲಿ ಐದಲ್ಲ, ಹನ್ನೊಂದು ಮನೆಯವರೂ ಹೋದರು. ಕಲ್ಲು ಒಂದೇ ಇದ್ದುದರಿಂದ ಆರು ಜನ ಬರೀ ಹಾಡಿದರು, ಉದ್ದಪ್ಪನ ಹೆಸರನ್ನು ಹಾಡಿನೊಳಗೆ ಎಲ್ಲೆಲ್ಲಿ ಸೇರಿಸಬಹುದೋ ಅಲ್ಲೆಲ್ಲ ಸೇರಿಸಿ. ಹುಕ್ಕೇರಿಯ ಬೀಗರು ಎರಡನೆಯ ಸಲ ಹೋಳಿಗೆ ಕೇಳಿ ಉಂಡರು.

ಇದಾದ ಮೂರು ವರ್ಷಕ್ಕೆ ನಾಲ್ಕು ದಿನ ಕಡಿಮೆ ಇದ್ದಾಗ, ಉದ್ದಪ್ಪ ಒಂದು ಬೆಳಿಗ್ಗೆ ಗಾಬರಿಯಿಂದ ನನ್ನ ಹತ್ತಿರ ಬಂದ. ಸಾಲಕ್ಕೆ ಮೂರು ವರ್ಷದ ಮುದ್ದತ್ತು. ಅಷ್ಟರೊಳಗೆ ಸಾಲಗಾರ ಬರೆದು ಒಪ್ಪದಿದ್ದರೆ ಸಾಲ ಸತ್ತುಹೋಗುತ್ತದೆ. ಇದನ್ನು ಅವನಿಗೆ ಒಬ್ಬ ಪೂರ್ತಿ ವಕೀಲ ಭಜಿ ತಿನ್ನುತ್ತ ಹೇಳಿದ್ದ. ನಾನು ಬರೆದುಕೊಟ್ಟೆ: ಉದ್ದಪ್ಪನಾದ ನಾನು ಲಕ್ಕವ್ವನವರಿಗೆ ಒಂದು ಬಟ್ಟಲು ಹಿಟ್ಟು ಕೊಡುವುದು ಬಾಕಿ ಇದೆಯೆಂದು ಒಪ್ಪುತ್ತೇನೆ. ಅವನು ಸಹಿ ಮಾಡಿ, ಒಯ್ದು ಅವಳಿಗೆ ಕೊಟ್ಟ. ಓದಲು ಬಾರದ ಲಕ್ಕವ್ವ ಅದನ್ನು ಮಡಿಚಿ ಎಲೆ ಅಡಿಕೆಯ ಚೀಲದಲ್ಲಿಟ್ಟುಕೊಂಡಳು. ಆಮೇಲೆ ಮೂರು ವರ್ಷಕ್ಕೊಮ್ಮೆ ಅವನು ತಪ್ಪದೆ ಬಂದ. ಹಿಟ್ಟಿನ ಗಿರಣಿ ಬಂತು, ರೇಶನ್ ಹೋಯಿತು, ಓಣಿಯ ನಾಲ್ಕು ಮನೆಗಳವರು ಬದಲಾದರು. ಬಟ್ಟಲು ಹಿಡಿದು ಬಾಗಿಲಿಗೆ ಹೋಗುವವರು ಕಡಿಮೆಯಾದರು. ಸಾಲ ಮಾತ್ರ ಮುದ್ದತ್ತಿನೊಳಗೇ ಇತ್ತು.

ಲಕ್ಕವ್ವ ತೀರಿಕೊಂಡ ವರ್ಷ ಮುದ್ದತ್ತಿಗೆ ಎರಡು ದಿನ ಉಳಿದಿತ್ತು. ಉದ್ದಪ್ಪನ ಕೂದಲು ಬೆಳ್ಳಗಾಗಿತ್ತು. ನನ್ನ ತೋಳು ಹಿಡಿದುಕೊಂಡು ಓಣಿ ದಾಟಿ, ಅವಳ ಕಟ್ಟೆಯ ಮೇಲೆ ಕುಳಿತ. ಕಾಗದ, ದೌತಿ ನನ್ನ ಕೈಯಲ್ಲಿದ್ದವು.

ಒಳಗಿಂದ ಲಕ್ಕವ್ವನ ಸೊಸೆ ಬಂದಳು. ಮೂಡಲಗಿಯ ಹುಡುಗಿ, ಓಣಿಗೆ ಬಂದು ವರ್ಷವೂ ಆಗಿರಲಿಲ್ಲ. ಕೈಗೆ ಹಿಟ್ಟು ಹತ್ತಿತ್ತು.

"ಯಾರಿಗಿ ಬರಕೊಡಬೇಕ ಅಂತ ಕುಂತೇನವ್ವಾ," ಎಂದ ಉದ್ದಪ್ಪ.

"ಅತ್ತಿ ಹೇಳಿದ್ರು, ನೀವು ಬರ್ತೀರಂತ," ಎಂದು ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ನನ್ನ ಹೆಸರ ಶಿವವ್ವ ಕಾಕಾ. ಬರಕೋರಿ."